ಮಾಗಡಿ ಕೆರೆಯ ಹೆಬ್ಬಾತು: ಬಂದವೆಷ್ಟು, ಬದುಕಿದವೆಷ್ಟು

ಚಳಿ ಬಿತ್ತೆಂದರೆ ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ಬಗ್ಗೆ ಎರಡೇ ಸುದ್ದಿ: ‘ಈ ಸಲ ಹಕ್ಕಿ ಕಡಿಮೆ’, ಇಲ್ಲವೇ ‘ಈ ಸಲ ಭರ್ತಿ ಬಂದಾವ’. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಮೇಲೆ ಸುದ್ದಿ ಹೆಚ್ಚಿದೆ, ಲೆಕ್ಕ ಮಾತ್ರ ಅಲ್ಲೇ ನಿಂತಿದೆ. ಕಳೆದ ವರ್ಷಕ್ಕಿಂತ ಐನೂರು ಪಟ್ಟೆತಲೆ ಹೆಬ್ಬಾತು ಕಡಿಮೆ ಕಂಡವು ಅನ್ನಿ. ಅವು ಸತ್ತಿರಬಹುದು. ಬೇರೆ ಕೆರೆಗೆ ಇಳಿದಿರಬಹುದು. ಅವು ಮರಿ ಮಾಡುವ ಮಂಗೋಲಿಯಾ, ಟಿಬೆಟ್ ಕಡೆ ಆ ವರ್ಷ ಮರಿಗಳೇ ಕಡಿಮೆ ಆಗಿರಬಹುದು. ಇಲ್ಲವೇ ಇಲ್ಲೇ ಇದ್ದೂ ಎಣಿಸಿದವರ ಕಣ್ಣಿಗೆ ಬೀಳದಿರಬಹುದು. ಬರೀ ಎಣಿಕೆಯಿಂದ ಈ ನಾಲ್ಕರಲ್ಲಿ ಯಾವುದು ಎಂದು ಹೇಳಲಾಗದು.

ಹಾಗಂತ ಎಣಿಕೆ ಬೇಡವೆಂದಲ್ಲ. ಏಷ್ಯಾದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದರ ಬೆಲೆ ಇರುವುದೇ ಪ್ರತಿ ವರ್ಷ ಅದೇ ಹೊತ್ತಿಗೆ, ಅದೇ ಜಾಗದಿಂದ ಎಣಿಸುವುದರಲ್ಲಿ. ಹೆಬ್ಬಾತು ಹೊಲಕ್ಕೆ ಮೇಯಲು ಹೋಗಿ, ಹೊತ್ತೇರಿದ ಮೇಲೆ ಕೆರೆಗೆ ಮರಳಿ ವಿಶ್ರಮಿಸುವ ಹಕ್ಕಿ. ತೀರಾ ಬೇಗ ಎಣಿಸಿದರೆ ಅರ್ಧ ಹಿಂಡು ಇನ್ನೂ ಹೊಲದಲ್ಲೇ ಇರುತ್ತದೆ. ತಡವಾದರೆ ಬಿಸಿಲ ಝಳಕ್ಕೆ ದೂರದ ಹಕ್ಕಿಗಳು ಸ್ಕೋಪಿನಲ್ಲಿ (ಹಕ್ಕಿ ನೋಡುವ ದೂರದರ್ಶಕ) ನೀರಿನಂತೆ ಅಲುಗಾಡುತ್ತವೆ. ಹಿಂಡು ಇಳಿದು ನೆಲೆಗೊಂಡ ತಕ್ಷಣ, ಸೂರ್ಯನಿಗೆ ಬೆನ್ನು ಮಾಡಿ ನಿಂತು ಎಣಿಸಿ. ಬೆಳಗಿನ ಹೊತ್ತಿಗೆ ಪೂರ್ವದ ದಂಡೆಯೇ ಸರಿ.

ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು, ಬರೆದುಕೊಳ್ಳುವವರೆಗೆ ಮಾತಾಡಬಾರದು. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಿಗೆ ಕೂರಿಸಿಕೊಂಡು ಮುಂದೆ ಸಾಗುವುದು ರೂಢಿ. ಹಿಂಡು ದೊಡ್ಡದಾದಷ್ಟೂ ಕಣ್ಣು ಕಡಿಮೆ ಎಣಿಸುತ್ತದೆ. ಆದ್ದರಿಂದ ಒಂದರ ಅಂಚು ಇನ್ನೊಂದರಲ್ಲಿ ಬರುವಂತೆ ಸಾಲಾಗಿ ಫೋಟೋ ತೆಗೆದು, ಮನೆಯಲ್ಲಿ ಒಂದೊಂದು ಹಕ್ಕಿಗೂ ಚುಕ್ಕೆ ಇಟ್ಟು ಎಣಿಸಿ ನೋಡಿ. ನಿಮ್ಮ ಕಣ್ಣಿನ ತಪ್ಪು ನೂರಕ್ಕೆ ಎಷ್ಟೆಂದು ಗೊತ್ತಾಗುತ್ತದೆ. ಹುಬ್ಬಳ್ಳಿಯ ಉಣಕಲ್ ಕೆರೆಯಂಥ ಕಡೆ ತೊಂದರೆಯೇ ಬೇರೆ. ಅಂತರಗಂಗೆ ಹಬ್ಬಿದಾಗ ಅದರ ನಡುವೆ ಅಡಗುವ ಹಕ್ಕಿಗಳನ್ನು ಯಾವ ಸ್ಕೋಪೂ ತೋರಿಸದು.

ಮಳೆಯ ಮೋಸವೂ ಒಂದುಂಟು. ಮಳೆ ಚೆನ್ನಾಗಿ ಆದ ವರ್ಷ ಸಣ್ಣಪುಟ್ಟ ಕೆರೆಗಳಲ್ಲೂ ನೀರಿರುತ್ತದೆ, ಹಿಂಡು ಚದುರುತ್ತದೆ, ಮಾಗಡಿಯಲ್ಲಿ ಸಂಖ್ಯೆ ಇಳಿಯುತ್ತದೆ. ಬರ ಬಿದ್ದರೆ ನೀರಿದ್ದ ಕೆರೆಗೇ ಎಲ್ಲ ಬಂದು ಸೇರುತ್ತವೆ. ಒಂದೇ ಕೆರೆಯ ಲೆಕ್ಕ ನೋಡಿದವರಿಗೆ ಒಳ್ಳೆಯ ವರ್ಷ ಕೆಟ್ಟದಾಗಿಯೂ ಕೆಟ್ಟ ವರ್ಷ ಒಳ್ಳೆಯದಾಗಿಯೂ ಕಾಣುತ್ತದೆ. ಸುತ್ತಲಿನ ಕೆರೆಗಳನ್ನು ಅದೇ ಮುಂಜಾನೆ ಎಣಿಸದಿದ್ದರೆ ಇದಕ್ಕೆ ಮದ್ದಿಲ್ಲ.

ಇನ್ನು ಉಳಿವಿನ ಮಾತು. ಬದುಕಿ ಉಳಿದವೆಷ್ಟು ಎಂದು ತಿಳಿಯಲು ಹಕ್ಕಿಯನ್ನು ಒಂದೊಂದಾಗಿ ಗುರುತಿಸಬೇಕು. ಕಾಲಿನ ಲೋಹದ ಉಂಗುರ ದೂರದಿಂದ ಓದಲು ಬಾರದು. ಅಕ್ಷರ-ಅಂಕಿ ಇರುವ ಪ್ಲಾಸ್ಟಿಕ್ ಕೊರಳಪಟ್ಟಿಯನ್ನು ಸ್ಕೋಪಿನಲ್ಲಿ ಓದಬಹುದು. ಪಟ್ಟಿ ತೊಡಿಸುವುದು ಪರವಾನಗಿ ಇದ್ದವರ ಕೆಲಸ, ಓದುವುದು ಎಲ್ಲರ ಕೆಲಸ.

ಲೆಕ್ಕಕ್ಕೆ ಹೀಗೆ ಹಿಡಿಯಿರಿ: ಮೊದಲ ಚಳಿಗಾಲದಲ್ಲಿ ಪಟ್ಟಿ ಇದ್ದ ನೂರು ಹಕ್ಕಿ. ಎರಡನೆಯ ಚಳಿಗಾಲ ಕಂಡವು 48. ಹಾಗಾದರೆ 52 ಸತ್ತವೇ? ಅವಸರ ಬೇಡ. ಮೂರನೆಯ ಚಳಿಗಾಲ ಅದೇ ನೂರರಲ್ಲಿ 40 ಕಂಡವು. ಅವುಗಳಲ್ಲಿ ಎರಡನೆಯ ವರ್ಷವೂ ಕಂಡಿದ್ದವು 24. ಮೂರನೆಯ ವರ್ಷ ಬದುಕಿದ್ದ ಹಕ್ಕಿ ಎರಡನೆಯ ವರ್ಷ ಸತ್ತಿರಲು ಸಾಧ್ಯವಿಲ್ಲ. ಅಂದರೆ ಆಗ ಬದುಕಿದ್ದ 40ರಲ್ಲಿ ನಿಮ್ಮ ಕಣ್ಣಿಗೆ ಬಿದ್ದವು 24, ಅಂದರೆ ನೂರಕ್ಕೆ 60. ಈಗ 48ನ್ನು 0.6ರಿಂದ ಭಾಗಿಸಿ: 80. ಸತ್ತವು ಐವತ್ತೆರಡಲ್ಲ, ಸುಮಾರು ಇಪ್ಪತ್ತು. ಸಂಖ್ಯಾಶಾಸ್ತ್ರಜ್ಞರಾದ ಕಾರ್ಮಾಕ್ 1964ರಲ್ಲಿ, ಜಾಲಿ ಮತ್ತು ಸೀಬರ್ 1965ರಲ್ಲಿ ಕೊಟ್ಟ ವಿಧಾನದ ತಿರುಳು ಇದೇ. ಕೊನೆಯ ವರ್ಷಕ್ಕೆ ಮಾತ್ರ ಇದು ನಡೆಯದು, ಮುಂದಿನ ಸಾಕ್ಷಿ ಇರುವುದಿಲ್ಲವಲ್ಲ. ಮೂರು ಚಳಿಗಾಲಕ್ಕಿಂತ ಕಡಿಮೆ ದತ್ತಾಂಶದ ಮೇಲೆ ಉಳಿವಿನ ದರ ಹೇಳುವವರನ್ನು ನಂಬಬೇಡಿ.

ಆ ಇಪ್ಪತ್ತೂ ಪೂರ್ತಿ ಸಾವಲ್ಲ. ನೆಲೆಯನ್ನೇ ಬದಲಿಸಿದ ಹಕ್ಕಿ, ಪಟ್ಟಿ ಕಳಚಿ ಬಿದ್ದ ಹಕ್ಕಿ ಎರಡೂ ಲೆಕ್ಕದಲ್ಲಿ ಸತ್ತಂತೆಯೇ. ಕಾಲಿನ ಉಂಗುರವನ್ನೂ ತೊಡಿಸುವುದು ಅದಕ್ಕೇ: ಉಂಗುರವಿದ್ದು ಪಟ್ಟಿ ಇಲ್ಲದ ಹಕ್ಕಿಗಳು ಕಂಡರೆ ಪಟ್ಟಿ ಎಷ್ಟು ಕಳಚುತ್ತವೆಂದು ಅಂದಾಜಾಗುತ್ತದೆ. ಒಂದೆರಡು ದಿನ ತಂಗಿ ಮುಂದೆ ಹೋಗುವ ದಾರಿಹೋಕ ಹಕ್ಕಿಗಳಿಂದಲೂ ಉಳಿವು ಕುಗ್ಗಿದಂತೆ ಕಾಣುತ್ತದೆ. ಹೊಸದಾಗಿ ಗುರುತಿಸಿದ ಹಕ್ಕಿಯ ಮೊದಲ ವರ್ಷವನ್ನು ಬೇರೆಯೇ ಲೆಕ್ಕ ಹಾಕುವುದು ಆ ಕಾರಣಕ್ಕೆ.

ತಪ್ಪು ಓದು ಇನ್ನೂ ಕೆಟ್ಟದ್ದು. ಇಂಗ್ಲಿಷಿನ ಸಿ ಮತ್ತು ಜಿ, ಬಿ ಮತ್ತು 8, ಓ ಮತ್ತು ಸೊನ್ನೆ ದೂರದಿಂದ ಒಂದೇ. ಸತ್ತ ಹಕ್ಕಿಯ ಸಂಕೇತವನ್ನು ನೀವು ‘ಓದಿದರೆ’ ಅದು ಕಾಗದದ ಮೇಲೆ ಮತ್ತೆ ಹುಟ್ಟಿತು! ಹಕ್ಕಿ ಕತ್ತು ತಿರುಗಿಸಿದ ಮೇಲೆ ಎರಡನೆಯ ಸಲ ಓದಿ, ಫೋಟೋ ಸಿಕ್ಕರೆ ತೆಗೆಯಿರಿ, ಅನುಮಾನವಿದ್ದರೆ ಬಿಟ್ಟುಬಿಡಿ. ಪಟ್ಟಿ ಒಂದೂ ಕಾಣದ ದಿನವೂ ಎಷ್ಟು ಕೊರಳು ನೋಡಿದಿರಿ ಎಂದು ಬರೆಯಿರಿ. ಆ ಅಂಕಿ ಇಲ್ಲದೆ ಪಟ್ಟಿ ಇದ್ದವುಗಳ ಪ್ರಮಾಣ ಸಿಗದು, ಆದರೆ ಬಹಳಷ್ಟು ನೋಟ್‌ಬುಕ್ಕುಗಳಲ್ಲಿ ಅದೇ ಇರುವುದಿಲ್ಲ.

ಉಳಿವಿನ ಜೊತೆ ಮರಿಗಳ ಪಾಲು ಗೊತ್ತಾದರೆ ಹಿಂಡು ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ ಹೇಳಬಹುದು. ಹೆಬ್ಬಾತಿನ ವರ್ಷದೊಳಗಿನ ಮರಿಗೆ ತಲೆಯ ಎರಡು ಕಪ್ಪು ಪಟ್ಟೆ ಇರುವುದಿಲ್ಲ, ನೆತ್ತಿ ಬೂದುಗಪ್ಪು. ಚಳಿಗಾಲ ಕಳೆಯುತ್ತ ಪಟ್ಟೆ ಮೂಡಿ ದೊಡ್ಡವುಗಳಲ್ಲಿ ಬೆರೆತುಬಿಡುವುದರಿಂದ ಈ ಎಣಿಕೆ ನವೆಂಬರ್-ಡಿಸೆಂಬರಿನಲ್ಲೇ ಆಗಬೇಕು. ಮರಿಗಳು ತಾಯಿತಂದೆಯ ಜೊತೆಗೇ ಇರುವುದರಿಂದ ಹಿಂಡಿನಲ್ಲಿ ಸಮನಾಗಿ ಹರಡಿರುವುದಿಲ್ಲ; ಅಂಚು, ನಡು ಎಲ್ಲ ಕಡೆಯ ತುಣುಕು ನೋಡಬೇಕು. ವಾರ್ಷಿಕ ಉಳಿವು 0.85, ಹಿಂಡಿನಲ್ಲಿ ಮರಿಗಳು ನೂರಕ್ಕೆ 12 ಎಂದಿಟ್ಟುಕೊಳ್ಳಿ. ಮರಿ ಬಿಟ್ಟು ಉಳಿದ ನೂರಕ್ಕೆ 88 ಹೋದ ವರ್ಷದ ಹಿಂಡಿನಿಂದ ಬದುಕಿ ಬಂದವು. 0.85ನ್ನು ಆ 0.88ರಿಂದ ಭಾಗಿಸಿದರೆ 0.966, ಅಂದರೆ ವರ್ಷಕ್ಕೆ ಶೇ 3.4 ಇಳಿಕೆ. ಕಣ್ಣಿಗೆ ಗೊತ್ತೇ ಆಗದ ಈ ಇಳಿಕೆ ಹೀಗೇ ಸಾಗಿದರೆ ಇಪ್ಪತ್ತು ವರ್ಷಕ್ಕೆ ಹಿಂಡು ಅರ್ಧವಾಗುತ್ತದೆ. ಉಳಿವು 0.90 ಆಗಿದ್ದರೆ ಅದೇ ಮರಿಗಳಿಗೆ ಹಿಂಡು ಬೆಳೆಯುತ್ತದೆ.

ಸತ್ತ ಹಕ್ಕಿ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿ ಸತ್ತಾಗ ಹೆಚ್ಚು ಬಲಿಯಾದದ್ದು ಇದೇ ಹೆಬ್ಬಾತು. ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಿ, ಕಾಲಿನ ಕಡೆಗೆ ಕ್ಯಾಮೆರಾ ಹಿಡಿಯಿರಿ. ಉಂಗುರದ ಸಂಖ್ಯೆ, ಸಿಕ್ಕ ಊರು, ತಾರೀಖು ಮೂರೂ ಸೇರಿದರೆ ಅದೊಂದು ಖಚಿತ ಸಾವಿನ ದಾಖಲೆ.