ಕಳ್ಳನ ಕಾಲು ಬಳಸುವ ನೀಲಿ ಗಾಜು

ನನ್ನ ಬಣ್ಣದ ಗಾಜಿನ ಫಲಕಕ್ಕೆ ಬೇಕಿದ್ದ ನೀಲಿ ತುಂಡು ಕೊನೆಗೂ ಒಡೆಯದೆ ಕೈಗೆ ಬಂತು! ಗಾಜಿಗೆ ನಕ್ಷೆ ಅಂಟಿಸುವುದು, ತುಂಡಿನ ಅಂಚಿಗೆ ತಾಮ್ರದ ಫಾಯಿಲ್ ಸುತ್ತುವುದು ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಈ ಒಂದು ತುಂಡಿನ ಕತೆ ಮಾತ್ರ ಬರೆಯುತ್ತೇನೆ.

ಫಲಕದಲ್ಲಿರುವುದು ಯೇಸುವಿನ ಜೊತೆ ಶಿಲುಬೆಗೇರಿದ ಒಳ್ಳೆಯ ಕಳ್ಳ, ಪರಂಪರೆಯ ಪ್ರಕಾರ ದಿಸ್ಮಾಸ್. ಅವನಿಗೆ ದೀಕ್ಷಾಸ್ನಾನ (ಕ್ರೈಸ್ತನಾಗಲು ಪಡೆಯುವ ನೀರಿನ ಸಂಸ್ಕಾರ) ಇಲ್ಲ, ಪಾಪನಿವೇದನೆ ಕೇಳಲು ಗುರುಗಳಿಲ್ಲ. ನಮಗೆ ಸಿಕ್ಕಿದ್ದು ತಕ್ಕ ಶಿಕ್ಷೆ ಎಂದು ಒಪ್ಪಿಕೊಂಡ, ನನ್ನನ್ನು ನೆನೆಸಿಕೊಳ್ಳಿ ಎಂದು ಬೇಡಿದ. ಅವತ್ತೇ ಪರದೈಸು, ಅಂದರೆ ಸ್ವರ್ಗ, ಸೇರುವೆ ಎಂಬ ಯೇಸುವಿನ ಮಾತು ಸಿಕ್ಕಿತು. ನನ್ನ ನಕ್ಷೆಯಲ್ಲಿ ಈಟಿ ತಿವಿದ ಯೇಸುವಿನ ಪಕ್ಕೆಯಿಂದ ಹೊರಟ ನೀರು ಈ ಕಳ್ಳನ ಕಾಲು ಬಳಸಿಕೊಂಡು ದೀಕ್ಷಾಸ್ನಾನದ ತೊಟ್ಟಿಗೆ ಇಳಿಯುತ್ತದೆ. ಆ ಒಳಬಾಗು ಎಷ್ಟು ಆಳ ಎಂದರೆ, ಗಾಜು ಪ್ರತಿಸಲ ಅಲ್ಲೇ ಬಿರುಕು ಬಿಡುತ್ತಿತ್ತು.

ಎರಡು ತುಂಡು ಮಾಡಿ ಬೆಸೆದುಬಿಡು ಎಂದು ಗೆಳೆಯರೆಲ್ಲ ಹೇಳಿದರು. ಸುಲಭ, ನಿಜ. ಆದರೆ ಕಾಲ ಹತ್ತಿರ ಒಂದು ಅಡ್ಡಗೆರೆ ಬಿದ್ದರೆ ಕಳ್ಳನ ನೀರೇ ಬೇರೆ, ತೊಟ್ಟಿಯ ನೀರೇ ಬೇರೆ ಅಂತಾಗುತ್ತದೆ ಅಲ್ವಾ? ಕಥೋಲಿಕ ಧರ್ಮಸಭೆಯ ಬೋಧನೆ ಹಾಗಿಲ್ಲ. ನೀರಿನ ದೀಕ್ಷಾಸ್ನಾನ ಇಲ್ಲದವರಿಗೆ ರಕ್ಷಣೆಯೇ ಇಲ್ಲ ಎಂದು ಅಮೆರಿಕದ ಬಾಸ್ಟನ್‌ನಲ್ಲಿ ಫಾದರ್ ಫೀನಿ ಎಂಬ ಗುರು ಹಟ ಹಿಡಿದಾಗ, 1949ರಲ್ಲಿ ರೋಮಿನ ಧರ್ಮಪೀಠ ಅಲ್ಲಿನ ಮಹಾಧರ್ಮಾಧ್ಯಕ್ಷರಿಗೆ ಪತ್ರ ಬರೆಯಿತು. ತನ್ನ ತಪ್ಪಿಲ್ಲದೆ ಧರ್ಮಸಭೆಯನ್ನು ಅರಿಯದವನ ಮನಸ್ಸು ದೇವರ ಚಿತ್ತಕ್ಕೆ ಒಲಿದಿದ್ದರೆ, ಆ ಒಲವಿನೊಳಗೇ ಧರ್ಮಸಭೆಯನ್ನು ಸೇರುವ ಬಯಕೆ ಇರಬಹುದು ಎಂದಿತು. ಸುಮ್ನೆ ಒಳ್ಳೆಯವನಾಗಿದ್ದರೆ ಸಾಕು ಎಂದಲ್ಲ, ವಿಶ್ವಾಸವೂ ದೇವಪ್ರೀತಿಯೂ ಬೇಕು. 1964ರಲ್ಲಿ ಧರ್ಮಾಧ್ಯಕ್ಷರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ, ಮನಸ್ಸಾಕ್ಷಿ ತೋರಿದ ದಾರಿಯಲ್ಲಿ ದೇವರ ಚಿತ್ತದಂತೆ ನಡೆಯಲು ಹೆಣಗುವವರಲ್ಲೂ ದೇವರ ಕೃಪೆಯೇ ಕೆಲಸ ಮಾಡುತ್ತದೆ ಎಂದು ಹೇಳಿತು. ಕಳ್ಳನಿಗೆ ಪಶ್ಚಾತ್ತಾಪ ಪಡುವ ಶಕ್ತಿ ಕೂಡ ಯೇಸುವಿನ ಪಕ್ಕೆಯ ಅದೇ ಗಾಯದಿಂದ ಬಂದದ್ದು. ಅದಕ್ಕೇ ಈ ನೀಲಿ ಒಂದೇ ತುಂಡಾಗಿರಬೇಕು.

ದಾರಿ ಸಿಕ್ಕಿದ್ದು ಹೀಗೆ. ಒಳಬಾಗನ್ನು ಒಂದೇ ಗೀಚಿಗೆ ಮುರಿಯಲು ಹೋಗಲಿಲ್ಲ. ಕತ್ತರಿಸಿದ ಉಗುರಿನಂಥ ಸಣ್ಣ ಸಣ್ಣ ಕಮಾನು ಗೀಚಿ, ಇಕ್ಕಳದಿಂದ ಒಂದೊಂದನ್ನೇ ಕಿತ್ತೆ. ಕೊನೆಯ ಕಾಲಿಂಚು ಪೂರ್ತಿ ಗಾಜು ಉಜ್ಜುವ ಗ್ರೈಂಡರ್‌ಗೆ. ಅದರ ಸ್ಪಂಜ್ ಸದಾ ಒದ್ದೆ ಇರಲಿ. ಬಿಟ್ (ಗಾಜು ಸವೆಸುವ ತಿರುಗುವ ತಲೆ) ಒಣಗಿ ಬಿಸಿಯಾದರೆ ಅಷ್ಟು ಹೊತ್ತಿನ ಕೆಲಸವೆಲ್ಲ ಚೂರು. ಇನ್ನು ವ್ಯಾಪಾರಿ! ಅಲೆಅಲೆಯಾದ ನೀಲಿ ಕೇಳಿದರೆ ಬೋಳು ನೀಲಿ ಕಳಿಸಿ, "ಎರಡೂ ನೀಲಿನೇ ಅಲ್ವಾ ಸಾರ್" ಎಂದ. ಬದಲಿ ಹಾಳೆ ಬಂತು, ಅದರ ಒಂದು ಮೂಲೆ ಒಡೆದಿತ್ತು.

ಗ್ರೈಂಡರ್ ಮುಂದೆ ಕೂತಿದ್ದಾಗಲೇ ಮುಂದಿನ ಫಲಕ ಹೊಳೆಯಿತು, ಎರಡನೇ ವ್ಯಾಲೆಂಟಿನಿಯನ್. ಈ ಎಳೆಯ ರೋಮನ್ ಚಕ್ರವರ್ತಿ ದೀಕ್ಷಾಸ್ನಾನಕ್ಕೆ ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸ್‌ರಿಗೆ ಹೇಳಿಕಳಿಸಿ, ಅವರು ಬಂದು ಮುಟ್ಟುವ ಮೊದಲೇ 392ರಲ್ಲಿ ಈಗಿನ ಫ್ರಾನ್ಸಿನ ವಿಯೆನ್‌ನಲ್ಲಿ ಸತ್ತ. ಅವನು ಕೇಳಿದ್ದು ಅವನಿಗೆ ಸಿಕ್ಕಿದೆ ಎಂದು ಅಂಬ್ರೋಸ್ ಅಳುತ್ತಿದ್ದ ಸೋದರಿಯರಿಗೆ ಧೈರ್ಯ ಹೇಳಿದರು. ಇದಕ್ಕೆ ರಾಜವಸ್ತ್ರದ ಗಾಢ ನೇರಳೆ ಗಾಜು ಬೇಕು. ಮೂಲೆ ಒಡೆಯದ ಹಾಳೆ ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ಹೇಳಿ.