ಮಾರ್ಕರ್ ಪರೀಕ್ಷೆ ಕೆಡುವುದು ಡಬ್ಬಿಯಲ್ಲೇ

ಆಪರೇಷನ್ ಆದ ಬಾಯಿ ಕ್ಯಾನ್ಸರ್ ಮರುಕಳಿಸೀತೇ ಎಂದು ನೋಡಲು ಪಿ53, ಕೆಐ-67, ಸೈಕ್ಲಿನ್ ಡಿ1 ಎಂಬ ಮಾರ್ಕರ್‌ಗಳನ್ನು (ಗೆಡ್ಡೆಯ ಸ್ವಭಾವ ಸೂಚಿಸುವ ಪ್ರೋಟೀನ್‌ಗಳು) ಕೇಳಿ ಲ್ಯಾಬಿಗೆ ಚೀಟಿ ಬಂದರೆ ಮೊದಲು ಸ್ಪೆಸಿಮನ್ (ಕತ್ತರಿಸಿ ತೆಗೆದ ತುಂಡು) ಬಂದ ಡಬ್ಬಿ ನೋಡಿ. ಮಂಡ್ಯ, ಮಳವಳ್ಳಿಯಿಂದ ಮೈಸೂರಿಗೆ ಸಲೈನ್‌ನಲ್ಲಿ ಬಂದ ತುಂಡು ದಾರಿಯಲ್ಲೇ ಕೊಳೆಯತೊಡಗಿರುತ್ತದೆ. ಕತ್ತರಿಸಿದ ಒಂದು ಗಂಟೆಯೊಳಗೆ ಅದು ಕೊಳೆಯದಂತೆ ಕಾಯುವ ಫಾರ್ಮಲಿನ್‌ಗೆ ಬೀಳಬೇಕು.

ಬರೀ ನೀರು ಬೆರೆಸಿದ ಫಾರ್ಮಲಿನ್ ಬೇಡ. ಇಟ್ಟಷ್ಟೂ ಹುಳಿಯಾಗಿ ಡಿಎನ್‌ಎಯನ್ನು ಚೂರು ಮಾಡುತ್ತದೆ. ಒಂದು ಲೀಟರಿಗೆ ಅಂಗಡಿಯ ಫಾರ್ಮಲಿನ್ 100 ಮಿ.ಲೀ., ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ತುಂಡಿನ ಹತ್ತುಪಟ್ಟಾದರೂ ದ್ರವವಿರಲಿ. ಫಾರ್ಮಲಿನ್ ಗಂಟೆಗೆ ಹೆಚ್ಚೆಂದರೆ ಮಿಲಿಮೀಟರಿನಷ್ಟು ಒಳಗಿಳಿಯುತ್ತದೆ, ಹಾಗಾಗಿ ದೊಡ್ಡ ಸ್ಪೆಸಿಮನ್‌ನ ಅಂಚಿಗೆ ಇಂಕ್ ಹಚ್ಚಿ ಸೀಳಿ ಇಡಿ. ಫಾರ್ಮಲಿನ್‌ನಲ್ಲಿಡುವುದು ಆರು ಗಂಟೆಗಿಂತ ಕಡಿಮೆಯಾಗಬಾರದು, ಮೂರು ದಿನ ಮೀರಬಾರದು.

ಎಲೆಅಡಿಕೆ, ಹೊಗೆಸೊಪ್ಪು ಅಗಿಯುವ ನಮ್ಮ ಕಡೆ ಕೆನ್ನೆ–ವಸಡಿನ ಗೆಡ್ಡೆ ದವಡೆ ಮೂಳೆಯ ಸಮೇತ ಬರುವುದುಂಟು. ಮೂಳೆ ಮೆದುವಾಗಲೆಂದು ನೈಟ್ರಿಕ್ ಆಸಿಡ್‌ನಲ್ಲಿ ಮುಳುಗಿಸಿ ಮಾಡಿದ ಬ್ಲಾಕಿನಿಂದ (ಮೇಣದಲ್ಲಿ ಕೂರಿಸಿದ ತುಂಡು) ಪಿಸಿಆರ್‌ಗೆ, ಅಂದರೆ ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸಿ ನೋಡುವ ಪರೀಕ್ಷೆಗೆ, ಏನೂ ದಕ್ಕುವುದಿಲ್ಲ. ಮೆದು ಭಾಗದ ಗೆಡ್ಡೆಯನ್ನು ಮೊದಲೇ ಬೇರೆ ಬ್ಲಾಕ್ ಮಾಡಿಡಿ. ಮೂಳೆಯೊಳಗಿನದೇ ಬೇಕೆಂದರೆ ಮೂಳೆಯ ಸುಣ್ಣವನ್ನು ಮೆಲ್ಲಗೆ ತೆಗೆಯುವ, ಪಿಎಚ್ 7.4ರ ಇಡಿಟಿಎ ದ್ರಾವಣ ಬಳಸಿ; ವಾರಗಟ್ಟಲೆ ಹಿಡಿಯುತ್ತದೆ, ಸರ್ಜನ್‌ಗೆ ಆ ಮಾತನ್ನು ಮುಂಚೆಯೇ ಹೇಳಿಬಿಡುವುದು ಕ್ಷೇಮ.

ಅತಿ ಹೆಚ್ಚು ಎಡವುವುದು ಪಿ53ಗೆ ಬಣ್ಣ ಹಾಕಿದ ಸ್ಲೈಡ್ ಓದುವಾಗ. ಗೆಡ್ಡೆಯ ಕೋಶಗಳಲ್ಲಿ ಬಣ್ಣವೇ ಇಲ್ಲದಿದ್ದರೆ ಅದು 'ನಾರ್ಮಲ್' ಅಲ್ಲ. ಪಿ53 ಜೀನ್ ಪೂರ್ತಿ ಕೆಟ್ಟಾಗಲೂ ಹಾಗೇ ಕಾಣುತ್ತದೆ. ಪಕ್ಕದ ಸಹಜ ಕೋಶಗಳಾದ ಲಿಂಫೋಸೈಟ್, ಫೈಬ್ರೋಬ್ಲಾಸ್ಟ್‌ಗಳಲ್ಲಿ ತೆಳುವಾಗಿಯಾದರೂ ಬಣ್ಣ ಹಿಡಿದಿರಬೇಕು. ಅಲ್ಲೂ ಖಾಲಿಯೆಂದರೆ ಕೆಟ್ಟಿರುವುದು ಸ್ಲೈಡ್, ವರದಿ ಕೊಡಬೇಡಿ.

ಮಾರ್ಜಿನ್‌ನಿಂದ (ಗೆಡ್ಡೆಯ ಸುತ್ತ ಕತ್ತರಿಸಿದ ಅಂಚು) ಡಿಎನ್‌ಎ ತೆಗೆಯುವುದಿದ್ದರೆ ಮೊದಲು ಮಾರ್ಜಿನ್ ಬ್ಲಾಕ್ ಕತ್ತರಿಸಿ, ಆಮೇಲೆ ಗೆಡ್ಡೆಯದು. ಪ್ರತಿ ಬ್ಲಾಕಿಗೂ ಹೊಸ ಬ್ಲೇಡ್. ಗೆಡ್ಡೆಯ ಒಂದು ಚೂರು ಅಂಟಿದರೂ ಮಾರ್ಜಿನ್ ಪಾಸಿಟಿವ್ ಎಂದು ಬರುತ್ತದೆ. ಈ ಪರೀಕ್ಷೆಯ ಮೇಲಿನ ಆಸೆಗೆ ಕಾರಣವಿದೆ: 1995ರಲ್ಲಿ ತಲೆ–ಕುತ್ತಿಗೆ ಕ್ಯಾನ್ಸರಿನ 25 ರೋಗಿಗಳನ್ನು ನೋಡಿದ ಅಧ್ಯಯನವೊಂದರಲ್ಲಿ, ಮಾರ್ಜಿನ್ ಸೂಕ್ಷ್ಮದರ್ಶಕಕ್ಕೆ ಶುದ್ಧವಾಗಿದ್ದರೂ ಅದರಲ್ಲಿ ಪಿ53 ಬದಲಾವಣೆ ಸಿಕ್ಕ 13 ಜನರಲ್ಲಿ ಐವರಿಗೆ ಅದೇ ಜಾಗದಲ್ಲಿ ಮರುಕಳಿಸಿತ್ತು, ಉಳಿದ 12 ಜನರಲ್ಲಿ ಯಾರಿಗೂ ಇಲ್ಲ. ಆದರೆ 25 ಜನ ಬಹಳ ಚಿಕ್ಕ ಲೆಕ್ಕ.

ಎಚ್‌ಪಿವಿ ವೈರಸ್‌ನಿಂದಾದ ಗೆಡ್ಡೆಯ ಸುಳಿವು ಕೊಡುವ ಪಿ16 ಮಾರ್ಕರ್ ಕೇಳಿದರೆ ಗೆಡ್ಡೆ ಎಲ್ಲಿಯದೆಂದು ವಿಚಾರಿಸಿ. ಗಂಟಲಿನ ಟಾನ್ಸಿಲ್ ಭಾಗದಲ್ಲಿ ಅದಕ್ಕಿರುವ ಬೆಲೆ ಕೆನ್ನೆಯ ಗೆಡ್ಡೆಯಲ್ಲಿಲ್ಲ.

ವರದಿಯಲ್ಲಿ ಮಾರ್ಕರ್‌ಗಳು ಕೊನೆಗೆ ಬರಲಿ. ಮಾರ್ಜಿನ್ ಎಷ್ಟು ಮಿಲಿಮೀಟರ್, ಗೆಡ್ಡೆ ಎಷ್ಟು ಆಳಕ್ಕಿಳಿದಿದೆ, ಲಿಂಫ್ ಗಂಟಿನ ಕವಚ ಒಡೆದಿದೆಯೇ ಎಂಬುದು ಮೇಲಿರಬೇಕು. ರೇಡಿಯೇಷನ್ ಜೊತೆ ಕೀಮೋ ಕೊಡಬೇಕೇ ಎಂಬುದನ್ನು ಇಂದಿಗೂ ಮುಖ್ಯವಾಗಿ ತೀರ್ಮಾನಿಸುವುದು ಕವಚ ಮತ್ತು ಮಾರ್ಜಿನ್.