ಅಮ್ಮನ ಕಣ್ಣಲ್ಲೊಂದು ಹಸಿರು ರೆಂಬೆ

ಕಾಫಿ ಕೊಯ್ಲು ಮುಗಿಯಲಿ, ಕೊಯ್ಲು ಮುಗಿಯಲಿ ಅಂತ ಮುಂದೂಡುತ್ತಾ ಬಂದ ಅಮ್ಮ ಎಡಗಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡದ್ದು ಫೆಬ್ರವರಿ ಕೊನೆಗೆ. ಪಟ್ಟಿ ಬಿಚ್ಚಿದ ದಿನವೇ ಗೋಡೆ ಕ್ಯಾಲೆಂಡರಿನ ತಿಥಿ, ನಕ್ಷತ್ರ ಓದಿ ಹೇಳಿದಳು. ಮೂರನೇ ವಾರ ಆ ಕಣ್ಣು ಕೆಂಪಾಯಿತು.

ಅಷ್ಟರಲ್ಲಿ ಸೋಮವಾರಪೇಟೆ ಕಡೆ ಹೂಮಳೆ ಬಿದ್ದು, ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಾಗಿತ್ತು. ಜಗಲಿಗೆ ಬಂದವಳೇ ಸೆರಗು ಒತ್ತಿಕೊಂಡು ಒಳಗೆ ಹೋದಳು. "ಬಿಳಿ ನೋಡ್ಲಿಕ್ಕಾಗುದಿಲ್ಲ. ನೋವೇನಿಲ್ಲ, ಮರಳು ಹೊಕ್ಕ ಹಾಗೆ." ನೋವಿಲ್ಲ ಅಂದದ್ದೇ ನಮ್ಮನ್ನು ಏಮಾರಿಸಿತು. ಪಕ್ಕದ ಮನೆಯವರು ಒಲೆಯ ಹೊಗೆ ಅಂದರು. ಆಪರೇಷನ್ ಆದ ಕಡೆ ಫೋನ್ ಎತ್ತಿದವರು "ಸ್ವಲ್ಪ ಕೆಂಪಿರುತ್ತೆ, ಡ್ರಾಪ್ಸ್ ಮುಂದುವರಿಸಿ" ಅಂದರು. ಡ್ರಾಪ್ಸ್ ವಿಷಯದಲ್ಲಿ ಅಮ್ಮ ದೇವರ ದೀಪದಷ್ಟೇ ಕಟ್ಟುನಿಟ್ಟು. ವಾರವಾರ ಕಡಿಮೆ ಮಾಡಬೇಕಿದ್ದ, ಊತ ಇಳಿಸುವ ಸ್ಟೀರಾಯ್ಡ್ ಹನಿಯನ್ನು, ಕೆಂಪು ಬೇಗ ಹೋಗಲಿ ಅಂತ ಮತ್ತೆ ದಿನಕ್ಕೆ ಆರು ಸಲ ಬಿಡುತ್ತಿದ್ದಳು. ಬಾಟಲಿ ಖಾಲಿಯಾದಾಗಲೇ ನನಗೆ ಗೊತ್ತಾದದ್ದು.

ಮರುದಿನ ಕುಶಾಲನಗರ, ಹುಣಸೂರು ದಾಟಿ ಮೈಸೂರಿನ ಕಾರ್ನಿಯಾ (ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ) ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಾಯಕ್ಕೆ ಕೀವು ತುಂಬಿದೆ ಅಂತಲೇ ನನ್ನ ಹೆದರಿಕೆ. ಅವರು ಮರಗಟ್ಟಿಸುವ ಹನಿ ಹಾಕುವ ಮೊದಲೇ ಹತ್ತಿಯ ತುದಿಯನ್ನು ಎಳೆಯಾಗಿ ಹೊಸೆದು ಬಲಗಣ್ಣಿನ ಕರಿಗುಡ್ಡೆಗೆ ತಾಗಿಸಿದರು. ರೆಪ್ಪೆ ಫಕ್ಕನೆ ಮುಚ್ಚಿತು. ಎಡಗಣ್ಣಿಗೂ ತಾಗಿಸಿದರು. ಅಮ್ಮ ಸುಮ್ಮನೆ ಎದುರಿನ ಗೋಡೆ ನೋಡುತ್ತಾ ಕೂತಿದ್ದಳು. ನನಗೆ ಭಯವಾದದ್ದು ಆಗ.

ಆಮೇಲೆ ಹುಣ್ಣಿದ್ದಲ್ಲಿ ಹಿಡಿಯುವ ಫ್ಲೋರೆಸಿನ್ ಬಣ್ಣದ ಕಿತ್ತಳೆ ಕಾಗದದ ಪಟ್ಟಿ ತಾಗಿಸಿ, ಕಣ್ಣು ನೋಡುವ ಸ್ಲಿಟ್ ಲ್ಯಾಂಪ್ ಯಂತ್ರದ ನೀಲಿ ಬೆಳಕು ಬಿಟ್ಟು, ನನಗೆ ಪರದೆ ತೋರಿಸಿದರು. ಕಾರ್ನಿಯಾದ ಮೇಲೆ ಹಸಿರಾಗಿ ಹೊಳೆಯುವ ಒಂದು ರೆಂಬೆ. ಕವಲಿಗೆ ಕವಲು, ತುದಿತುದಿಯಲ್ಲಿ ಮೊಗ್ಗಿನಂಥ ಗಂಟು. ವರ್ಷವರ್ಷವೂ ಕಾಫಿ ಕಸಿ ಮಾಡುವವನಿಗೆ ಅದು ಬೇರೇನಾಗಿಯೂ ಕಾಣಲಿಲ್ಲ.

"ಅಮ್ಮ, ಜ್ವರ ಬಂದಾಗ ತುಟಿ ಮೇಲೆ ಗುಳ್ಳೆ ಏಳ್ತದಾ?"

"ಏಳ್ತದೆ ಡಾಕ್ಟ್ರೇ, ಮಳೆಗಾಲ ಬಂದ್ರೆ ಸಾಕು. ಕಣ್ಣಿಗೂ ಅದಕ್ಕೂ ಏನು?"

ಅದೇ ಹರ್ಪಿಸ್ ವೈರಸ್ಸು. ಒಮ್ಮೆ ಮೈ ಹೊಕ್ಕರೆ ಮುಖದ ನರದ ಬುಡದಲ್ಲಿ ಕೊನೆವರೆಗೂ ಮಲಗಿರುತ್ತದಂತೆ. ಆಪರೇಷನ್ನಿನ ಪೆಟ್ಟು, ಸ್ಟೀರಾಯ್ಡ್, ಯಾವುದಾದರೂ ಎಬ್ಬಿಸಬಹುದು. ಕೂರುವುದು ನರದಲ್ಲೇ ಆದ್ದರಿಂದ ಕಣ್ಣಿನ ಸ್ಪರ್ಶ ಕುಂದುತ್ತದೆ, ನೋವೂ ಅಷ್ಟಾಗಿ ಗೊತ್ತಾಗುವುದಿಲ್ಲ. "ಊತ ಇಳಿಸುವ ಹನಿಯೇ ಈ ಹುಣ್ಣಿಗೆ ಗೊಬ್ಬರ" ಅಂದರು ಡಾಕ್ಟರು. ಅದನ್ನು ನಿಲ್ಲಿಸಿ, ವೈರಸ್ ತಡೆಯುವ 3% ಅಸೈಕ್ಲೋವಿರ್ ಮುಲಾಮು ದಿನಕ್ಕೆ 5 ಸಲ ಬರೆದುಕೊಟ್ಟರು.

ಬೈಲುಕುಪ್ಪೆ ಬರುವವರೆಗೂ ಅಮ್ಮ ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಇಷ್ಟು ದಿನ ಗೊಬ್ಬರ ಹಾಕಿದ್ದು ನಾನೇ."

ಎರಡು ವಾರಕ್ಕೆ ರೆಂಬೆ ಮಾಯವಾಗಿ, ತೆಳ್ಳಗೆ ಮಂಜಿನಂಥ ಗುರುತೊಂದು ಉಳಿಯಿತು. ಮನೆಗೆ ಬಂದವಳು ಸೀದಾ ತೋಟಕ್ಕಿಳಿದಳು. ಹೂವು ಕಂದಿ ಉದುರಿ ಎಷ್ಟೋ ದಿನವಾಗಿತ್ತು. ಒಂದು ರೆಂಬೆ ಬಗ್ಗಿಸಿ, ಬಲಗಣ್ಣು ಮುಚ್ಚಿ, ಎಡಗಣ್ಣಲ್ಲೇ ಗಂಟು ಗಂಟು ನೋಡಿದಳು.

"ಪರವಾಗಿಲ್ಲ, ಕಾಯಿ ಕಚ್ಚಿದೆ."